ಪುಟ ಇದೆ, ದಾರಿ ಇಲ್ಲ: ಸರ್ಕಾರಿ ಜಾಲತಾಣಗಳನ್ನು ರೂಪಿಸುವವರಿಗೆ ಇಂಡಿಯಿಂದ ಒಂದು ಬಹಿರಂಗ ಪತ್ರ

ಗೆ,
ಸರ್ಕಾರಿ ಇಲಾಖೆಗಳ ಜಾಲತಾಣಗಳನ್ನು ರೂಪಿಸುವ, ನಿರ್ವಹಿಸುವ ಮತ್ತು ಅವುಗಳಿಗೆ ಒಪ್ಪಿಗೆ ನೀಡುವ ಎಲ್ಲ ಅಧಿಕಾರಿಗಳಿಗೆ.

ವಿಷಯ: ಜಾಲತಾಣಗಳ ಮೆನು ಮತ್ತು ಕೊಂಡಿಗಳನ್ನು ಜನಸಾಮಾನ್ಯರು ಬಳಸುವಂತೆ ಸರಿಪಡಿಸುವ ಕುರಿತು.

ಮಾನ್ಯರೇ,

ನಾನು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದಲ್ಲಿ 11 ವರ್ಷಗಳಿಂದ ಒಂದು ಸಣ್ಣ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೇನೆ. ಭೀಮಾ ದಂಡೆಯ ಹಳ್ಳಿಗಳಿಂದಲೂ ವಿಜಯಪುರ ರಸ್ತೆಯ ಹಳ್ಳಿಗಳಿಂದಲೂ ಜನ ನನ್ನ ಅಂಗಡಿಗೆ ಬರುತ್ತಾರೆ: ಉತಾರ (ಪಹಣಿ) ತೆಗೆಸಲು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಮಕ್ಕಳ ವಿದ್ಯಾರ್ಥಿವೇತನ ಎಲ್ಲಿಗೆ ಬಂತು ಎಂದು ನೋಡಲು, ಲಿಂಬೆ ತೋಟಕ್ಕೆ ಹನಿ ನೀರಾವರಿ ಮಾಡಿಸಿದರೆ ಸಹಾಯಧನ ಸಿಗುತ್ತದೆಯೇ ಎಂದು ತಿಳಿಯಲು. ಇವರಲ್ಲಿ ಬಹುಪಾಲು ಜನರ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಇಂಟರ್‌ನೆಟ್ ಇದೆ, ಮನೆಯಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ಇದ್ದಾರೆ. ಆದರೂ ಅವರು ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಾರೆ, ಏಕೆಂದರೆ ತಮಗೆ ಬೇಕಾದ ಪುಟ ಜಾಲತಾಣದೊಳಗೆ ಎಲ್ಲಿದೆ ಎಂಬುದು ಅವರಿಗೆ ಹತ್ತುವುದಿಲ್ಲ. ಅದನ್ನು ಹುಡುಕಿ ಕೊಟ್ಟಿದ್ದಕ್ಕೆ ನಾನು 30 ರೂಪಾಯಿ ತೆಗೆದುಕೊಳ್ಳುತ್ತೇನೆ. ಪ್ರಿಂಟಿಗೆ, ಅರ್ಜಿ ತುಂಬಿದ ಶ್ರಮಕ್ಕೆ ದುಡ್ಡು ಪಡೆಯುವಾಗ ನನಗೆ ಸಂಕೋಚವಿಲ್ಲ. ಹುಡುಕಿದ್ದಕ್ಕೆ ಪಡೆಯುವಾಗ ಇದೆ. ಸರ್ಕಾರ ಎಲ್ಲರಿಗಾಗಿ ಪುಕ್ಕಟೆ ಇಟ್ಟಿರುವ ಪುಟದ ದಾರಿ ತೋರಿಸಿದ್ದಕ್ಕೆ ಬಡವರ ಕಿಸೆಯಿಂದ ಹಣ ಹೋಗುವುದು ನ್ಯಾಯವಲ್ಲ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಯಾವ ಇಲಾಖೆಯ ಹೆಸರನ್ನೂ ನಾನಿಲ್ಲಿ ಹೇಳುವುದಿಲ್ಲ. ದೋಷ ಒಂದೇ ಕಡೆ ಇದ್ದಿದ್ದರೆ ಅಲ್ಲಿಗೇ ಬರೆದು ಸುಮ್ಮನಾಗುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯ ರೈತರು ಬಂದಿದ್ದರು. ಅವರ ತಂದೆ ತೀರಿಕೊಂಡಿದ್ದರು; ನಾಲ್ಕು ಎಕರೆ ಹೊಲಕ್ಕೆ ವಾರಸಾ ಮಾಡಿಸಬೇಕಿತ್ತು, ಅಂದರೆ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಏನೇನು ಕಾಗದ ಬೇಕು, ಅರ್ಜಿ ನಮೂನೆ ಯಾವುದು ಎಂದು ತಿಳಿಯಲು ಪಿಯುಸಿ ಓದಿದ ಅವರ ಮಗಳು ಎರಡು ಸಂಜೆ ಮೊಬೈಲಿನಲ್ಲಿ ಹುಡುಕಿದ್ದಳು. ತಾಲ್ಲೂಕು ಕೇಂದ್ರಕ್ಕೆ ಎರಡು ಸಲ ಬಂದು, ಪ್ರತಿ ಸಲವೂ ಒಂದು ದಿನದ ಕೆಲಸ ಕೆಡಿಸಿಕೊಂಡು, ‘ಎಲ್ಲ ಆನ್‌ಲೈನ್‌ನಲ್ಲಿದೆ, ನೋಡಿಕೊಳ್ಳಿ’ ಎಂಬ ಉತ್ತರ ಪಡೆದು ಹೋಗಿದ್ದರು. ನನ್ನ ಬೆಂಚಿನ ಮೇಲೆ ಕೂತು ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: ‘ತಮ್ಮಾ, ಎಲ್ಲಾ ಮೊಬೈಲ್‌ನ್ಯಾಗ ಐತಿ ಅಂತಾರ. ಎಲ್ಲೈತಿ ಅಂತ ಯಾರೂ ಹೇಳವಲ್ರು.’

ನಾನು ಆ ಜಾಲತಾಣ ತೆರೆದೆ. ಮೇಲಿನ ಸಾಲಿನ ಮೆನುವಿನಲ್ಲಿ ‘ನಮ್ಮ ಬಗ್ಗೆ’, ‘ಸಂಘಟನಾ ರಚನೆ’, ‘ಶಾಖೆಗಳು’, ‘ಅಧಿಸೂಚನೆಗಳು’, ‘ಟೆಂಡರ್‌ಗಳು’, ‘ಇತರೆ’ ಎಂದಿತ್ತು. ಅವರಿಗೆ ಬೇಕಾದದ್ದು ‘ಇತರೆ’ ಎಂಬುದರ ಒಳಗೆ ‘ಡೌನ್‌ಲೋಡ್‌ಗಳು’ ಎಂಬುದರಲ್ಲಿ, ಬರೀ ಅಂಕಿಗಳೇ ಹೆಸರಾಗಿದ್ದ ಒಂದು ಉದ್ದನೆಯ ಕಡತಗಳ ಪಟ್ಟಿಯ ಮೂರನೆಯ ಪುಟದಲ್ಲಿ ಸಿಕ್ಕಿತು. ದಿನವೂ ಇದೇ ಕೆಲಸ ಮಾಡುವ ನನಗೆ ಅದನ್ನು ಹುಡುಕಲು 20 ನಿಮಿಷ ಬೇಕಾಯಿತು. ಆ ಹುಡುಗಿಗೆ ಅದು ಸಿಗದೆ ಹೋದದ್ದರಲ್ಲಿ ಅವಳ ತಪ್ಪು ಏನೂ ಇರಲಿಲ್ಲ. ತನಗೆ ಬರುವುದಿಲ್ಲ ಎಂದು ಅವಳು ತಂದೆಯ ಮುಂದೆ ತಲೆ ತಗ್ಗಿಸಿದ್ದಳು ಎಂಬುದು ನನಗೆ ಹೆಚ್ಚು ನೋವು ಕೊಟ್ಟ ಸಂಗತಿ.

ಆ ಮೆನುವನ್ನು ಮತ್ತೊಮ್ಮೆ ನೋಡಿರಿ. ಕಚೇರಿಯ ಒಳಗೆ ಕೂತವರಿಗೆ ತಮ್ಮ ಕಚೇರಿ ಹೇಗೆ ಕಾಣುತ್ತದೆಯೋ ಹಾಗೆ ಅದು ಜೋಡಣೆಯಾಗಿದೆ. ಯಾವ ಶಾಖೆ ಯಾರ ಕೈಕೆಳಗೆ, ಯಾವ ಸುತ್ತೋಲೆ ಯಾವ ವಿಭಾಗದ್ದು ಎಂಬ ಲೆಕ್ಕ ಅದರಲ್ಲಿದೆ. ಹೊರಗಿನಿಂದ ಬರುವವರಿಗೆ ಶಾಖೆಯ ಹೆಸರು ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅವರಿಗೆ ಗೊತ್ತಿರುವುದು ತಮ್ಮ ಕೆಲಸ ಮಾತ್ರ: ತಂದೆ ತೀರಿಕೊಂಡರು, ಹೊಲ ಹೆಸರಿಗಾಗಬೇಕು, ಮಗಳು ಕಾಲೇಜಿಗೆ ಸೇರಿದಳು, ವಿದ್ಯಾರ್ಥಿವೇತನ ಬೇಕು, ಮನೆ ಕಟ್ಟಬೇಕು, ಪರವಾನಗಿ ಬೇಕು. ಮುಖಪುಟದ ಮೆನುವಿನಲ್ಲಿ ಈ ಕೆಲಸಗಳ ಹೆಸರುಗಳೇ ಇದ್ದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ‘ಇತರೆ’ ಎಂಬ ಶೀರ್ಷಿಕೆಯ ಕೆಳಗೆ ಏನಿದೆ ಎಂದು ಊಹಿಸಲು ಯಾರಿಗೂ ಸಾಧ್ಯವಿಲ್ಲ, ಮತ್ತು ನನ್ನ ಅನುಭವದಲ್ಲಿ ಜನರಿಗೆ ಅತಿ ಹೆಚ್ಚು ಬೇಕಾಗುವ ಸಂಗತಿಗಳು ಅದರಲ್ಲಿಯೇ ಹುದುಗಿರುತ್ತವೆ.

ಹೆಸರುಗಳ ವಿಷಯದಲ್ಲಿ ನಮ್ಮ ಭಾಗದ ಒಂದು ವಿಶೇಷ ತೊಂದರೆಯನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಬೆಳಗಾವಿ, ವಿಜಯಪುರ ಮತ್ತು 1997ರವರೆಗೆ ವಿಜಯಪುರ ಜಿಲ್ಲೆಯದೇ ಭಾಗವಾಗಿದ್ದ ಬಾಗಲಕೋಟೆ, ಈ ಸೀಮೆಯೆಲ್ಲ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ಜಮೀನಿನ ಮಾತುಗಳು ನಮ್ಮಲ್ಲಿ ಬೇರೆ. ನಿಮ್ಮ ಮೆನುವಿನಲ್ಲಿ ‘ಆರ್‌ಟಿಸಿ’ ಅಥವಾ ‘ಪಹಣಿ’ ಎಂದಿರುವುದು ನಮ್ಮ ರೈತರಿಗೆ ‘ಉತಾರ’. ನೀವು ‘ಪೌತಿ ಖಾತೆ’ ಎಂದು ಬರೆದದ್ದನ್ನು ಅವರು ‘ವಾರಸಾ’ ಎನ್ನುತ್ತಾರೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ ಅದು ‘ವಾಟ್ನಿ’; ಉತಾರದಲ್ಲಿ ಸಾಲ ದಾಖಲಾಗಿದ್ದರೆ ಅದು ‘ಬೋಜಾ’. ಇವು ಅಪಭ್ರಂಶಗಳಲ್ಲ, ತಲೆಮಾರುಗಳಿಂದ ನಮ್ಮ ಹೊಲಮನೆಗಳ ವ್ಯವಹಾರ ನಡೆದದ್ದು ಈ ಮಾತುಗಳಲ್ಲಿಯೇ. ಮೆನುವಿನಲ್ಲಿ ‘ಪಹಣಿ (ಉತಾರ)’ ಎಂದು ಒಂದು ಪದವನ್ನು ಹೆಚ್ಚಾಗಿ ಸೇರಿಸುವುದರಿಂದ ಮೈಸೂರಿನವರಿಗೆ ಏನೂ ನಷ್ಟವಿಲ್ಲ, ಇಂಡಿಯವರಿಗೆ ಮಾತ್ರ ಬಾಗಿಲು ತೆರೆದಂತಾಗುತ್ತದೆ. ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿಯೂ ‘ಉತಾರ’ ಎಂದು ಬರೆದರೆ ಪಹಣಿಯ ಪುಟ ಬರಬೇಕು. ಈಗ ಬರುವುದು ‘ಯಾವುದೇ ಫಲಿತಾಂಶ ಸಿಗಲಿಲ್ಲ’ ಎಂಬ ಉತ್ತರ.

ಊರ ಹೆಸರುಗಳದ್ದೂ ಇದೇ ಕಥೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂವ ಬೆಳಗಾವಿಯಾಯಿತು. ಜಾಲತಾಣಗಳ ಜಿಲ್ಲಾ ಪಟ್ಟಿಗಳಲ್ಲಿ ಮಾತ್ರ ಒಂದು ಕಡೆ ಹಳೆಯ ಹೆಸರು, ಇನ್ನೊಂದು ಕಡೆ ಹೊಸ ಹೆಸರು. ಪಟ್ಟಿ ಕನ್ನಡದಲ್ಲಿ ಕಂಡರೂ ಅದರ ಅನುಕ್ರಮ ಇಂಗ್ಲಿಷ್ ಅಕ್ಷರಗಳದ್ದಾಗಿರುವುದರಿಂದ, ವಿಜಯಪುರವನ್ನು ‘ವ’ ಅಕ್ಷರದ ಹತ್ತಿರ ಹುಡುಕುವವರಿಗೆ ಅದು ‘ಬಾಗಲಕೋಟೆ’ಯ ಆಚೀಚೆ ಬಿಜಾಪುರವಾಗಿ ಕೂತಿರುತ್ತದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ಆದ ಮೇಲೆ ಗೊಂದಲ ಇನ್ನೂ ಹೆಚ್ಚಿತು; ಚಿಕ್ಕ ಪರದೆಯ ಮೇಲೆ ಬೆರಳು ಒಂದು ಸಾಲು ಜಾರಿ ವಿಜಯನಗರವನ್ನು ಆಯ್ದುಕೊಂಡ ಅರ್ಜಿಗಳನ್ನು ನಾನೇ ಎರಡು ಸಲ ತಿದ್ದಿಸಿಕೊಟ್ಟಿದ್ದೇನೆ. ಛತ್ತೀಸಗಡದಲ್ಲಿಯೂ ಬಿಜಾಪುರ ಎಂಬ ಜಿಲ್ಲೆ ಇದೆ. ದೇಶಕ್ಕೆಲ್ಲ ಒಂದೇ ಇರುವ ತಾಣದಲ್ಲಿ ಹಳೆಯ ಹೆಸರನ್ನು ಬರೆದು ಹುಡುಕಿದವರು ಅಲ್ಲಿಗೆ ಹೋಗಿ ಮುಟ್ಟುತ್ತಾರೆ. ಅಧಿಸೂಚನೆ ಹೊರಡಿಸಿ ಇಷ್ಟು ವರ್ಷಗಳಾದ ಮೇಲೂ ಒಂದು ಪಟ್ಟಿಯನ್ನು ಒಂದೇ ರೀತಿ ಇಡಲಾಗದಿರುವುದಕ್ಕೆ ಕಾರಣವೇನೆಂದು ತಾವು ಹೇಳಬೇಕು.

ಕನ್ನಡದ ಗುಂಡಿಯ ಬಗ್ಗೆಯೂ ಒಂದು ಮಾತು. ಮುಖಪುಟದಲ್ಲಿ ‘ಕನ್ನಡ’ ಎಂದು ಒತ್ತಿ ಒಳಗೆ ಹೋದರೆ ಎರಡನೆಯ ಕೊಂಡಿಗೆ ಪುಟ ಇಂಗ್ಲಿಷ್ ಆಗುತ್ತದೆ. ಅಲ್ಲಿ ಮತ್ತೆ ‘ಕನ್ನಡ’ ಒತ್ತಿದರೆ ಅದೇ ಪುಟದ ಕನ್ನಡ ರೂಪ ಬರುವುದಿಲ್ಲ, ಮುಖಪುಟಕ್ಕೆ ಮರಳಿ ಕಳಿಸುತ್ತದೆ. ಅಷ್ಟು ದೂರ ನಡೆದು ಬಂದವರನ್ನು ಮತ್ತೆ ಅಗಸಿ ಬಾಗಿಲಿಗೆ ತಂದು ನಿಲ್ಲಿಸಿದ ಹಾಗೆ ಅದು.

ಇನ್ನು ಕೊಂಡಿಗಳ ಮಾತು. 1989ರಲ್ಲಿ ಜಿನಿವಾದ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವೆಬ್‌ನ ಪ್ರಸ್ತಾವವನ್ನು ಬರೆದಾಗ ಅವರ ಮುಂದಿದ್ದ ಸಮಸ್ಯೆಯೂ ಇಂಥದ್ದೇ: ಮಾಹಿತಿ ಸಂಸ್ಥೆಯೊಳಗೆ ಇತ್ತು, ಆದರೆ ಎಲ್ಲಿದೆ ಎಂದು ಗೊತ್ತಾಗದೆ ಕಳೆದುಹೋಗುತ್ತಿತ್ತು. ಕಡತಗಳನ್ನು ಕಪಾಟಿನ ಖಾನೆಗಳಂತೆ ಜೋಡಿಸುವ ಬದಲು ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಕು ಎಂಬುದೇ ಅವರ ಉತ್ತರವಾಗಿತ್ತು. ಅಂದರೆ ಜಾಲತಾಣ ಎಂಬುದು ಹುಟ್ಟಿದ್ದೇ ದಾರಿ ತೋರಿಸುವುದಕ್ಕಾಗಿ. ಅದೇ ಕೊಂಡಿಗಳನ್ನು ನಮ್ಮ ತಾಣಗಳಲ್ಲಿ ಹೇಗೆ ಬರೆಯಲಾಗಿದೆ ನೋಡಿರಿ: ‘ಅರ್ಜಿಗಾಗಿ ಇಲ್ಲಿ ಕ್ಲಿಕ್ ಮಾಡಿ’, ‘ಆದೇಶಕ್ಕಾಗಿ ಇಲ್ಲಿ ಕ್ಲಿಕ್ ಮಾಡಿ’, ‘ವಿವರಗಳಿಗಾಗಿ ಇಲ್ಲಿ ಕ್ಲಿಕ್ ಮಾಡಿ’. ಒತ್ತಬಹುದಾದ ಭಾಗ ಮಾತ್ರ ಎಲ್ಲದರಲ್ಲಿಯೂ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದಷ್ಟೇ. ಬಸ್ ನಿಲ್ದಾಣದಲ್ಲಿ ನಿಂತ ಪ್ರತಿ ಬಸ್ಸಿನ ಬೋರ್ಡಿನ ಮೇಲೂ ‘ಸಿಂದಗಿ’, ‘ಚಡಚಣ’, ‘ಮುದ್ದೇಬಿಹಾಳ’ ಎಂದು ಬರೆಯದೆ ‘ಇಲ್ಲಿ ಹತ್ತಿರಿ’ ಎಂದಷ್ಟೇ ಬರೆದರೆ ಪ್ರಯಾಣಿಕರ ಗತಿ ಏನಾಗುತ್ತದೆ?

ಕಣ್ಣು ಕಾಣುವವರು ಅಕ್ಕಪಕ್ಕದ ಸಾಲು ಓದಿಯಾದರೂ ಹೇಗೋ ತಿಳಿದುಕೊಳ್ಳುತ್ತಾರೆ. ನನ್ನ ಅಂಗಡಿಗೆ ಒಬ್ಬ ಬಿ.ಎ. ವಿದ್ಯಾರ್ಥಿ ಬರುತ್ತಾನೆ, ಹುಟ್ಟಿನಿಂದ ದೃಷ್ಟಿ ಇಲ್ಲ. ಪೆನ್‌ಡ್ರೈವಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತರುತ್ತಾನೆ; ಅದು ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುತ್ತದೆ. ಕೀಲಿಮಣೆಯಲ್ಲಿ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಪುಟದಲ್ಲಿರುವ ಎಲ್ಲ ಕೊಂಡಿಗಳ ಪಟ್ಟಿ ಬರುತ್ತದೆ, ಬೇಕಾದದ್ದನ್ನು ಆರಿಸಿಕೊಂಡು ಅವನು ನನಗಿಂತ ಬೇಗ ಮುಂದೆ ಹೋಗುತ್ತಾನೆ. ಒಳ್ಳೆಯ ತಾಣಗಳಲ್ಲಿ ಅವನ ಕೆಲಸ ನೋಡುವುದೇ ಒಂದು ಸಂತೋಷ. ಆದರೆ ಅವನು ವಿದ್ಯಾರ್ಥಿವೇತನದ ಸುತ್ತೋಲೆ ಹುಡುಕುತ್ತಿದ್ದ ದಿನ ಆ ಯಂತ್ರ ಓದಿದ್ದು ‘ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ’ ಎಂದು ಹದಿನೆಂಟು ಸಲ. ನಾನು ಎಣಿಸಿದೆ. ಒಂದೊಂದನ್ನೂ ತೆರೆದು ನೋಡುತ್ತಾ ಹೋದ. ಕೊನೆಗೆ ಸಿಕ್ಕ ಸುತ್ತೋಲೆ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ ಚಿತ್ರವಾಗಿದ್ದರಿಂದ ಅದರಲ್ಲಿ ಯಂತ್ರಕ್ಕೆ ಓದಲು ಒಂದಕ್ಷರವೂ ಇರಲಿಲ್ಲ. ನಾನು ಓದಿ ಹೇಳಿದೆ. ಓದಿ ಹೇಳುವುದು ನನಗೆ ಭಾರವಲ್ಲ. ಆದರೆ ತನ್ನ ಆದಾಯ, ತನ್ನ ಬ್ಯಾಂಕಿನ ವಿವರ, ತನ್ನ ಅಂಗವಿಕಲತೆಯ ಪ್ರಮಾಣ ಇವೆಲ್ಲವನ್ನೂ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವ ಅನಿವಾರ್ಯತೆ ಆ ಹುಡುಗನಿಗೆ ಬರಬಾರದಾಗಿತ್ತು.

ಮೊಬೈಲಿನಲ್ಲಿ ಇನ್ನೊಂದು ಬಗೆಯ ಕಷ್ಟ. ಮೌಸ್ ತಂದರೆ ಮಾತ್ರ ಬಿಚ್ಚಿಕೊಳ್ಳುವ ಉಪಮೆನುಗಳು ಬೆರಳಿಗೆ ತೆರೆಯುವುದಿಲ್ಲ. ತೆರೆದರೂ ಕೊಂಡಿಗಳು ಎಷ್ಟು ಒತ್ತೊತ್ತಾಗಿರುತ್ತವೆಂದರೆ ಹೊಲದಲ್ಲಿ ದುಡಿದ ದಪ್ಪ ಬೆರಳು ಒಂದನ್ನು ಒತ್ತಿದರೆ ಇನ್ನೊಂದು ತೆರೆಯುತ್ತದೆ. ಮೂಲೆಯಲ್ಲಿರುವ ಮೂರು ಗೆರೆಗಳ ಗುರುತು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿನಿಂದ ಬಂದದ್ದು, ತಂತ್ರಜ್ಞರಿಗೆ ಅದು ಅಷ್ಟು ಹಳೆಯ ಪರಿಚಯ. ನಮ್ಮ ಸ್ವಸಹಾಯ ಸಂಘದ ಅಕ್ಕಂದಿರಿಗೆ ಅದು ಬರೀ ಮೂರು ಗೆರೆ. ಪಕ್ಕದಲ್ಲಿ ‘ಮೆನು’ ಎಂದು ಎರಡು ಅಕ್ಷರ ಬರೆದರೆ ಅದೂ ಒಂದು ಗುಂಡಿ ಎಂದು ಅವರಿಗೆ ತಿಳಿಯುತ್ತದೆ. ‘ಹೊಸದು’ ಎಂದು ಮಿನುಗುತ್ತಾ ಎಡಕ್ಕೆ ಓಡುವ ಸಾಲುಗಳನ್ನಂತೂ ದಯವಿಟ್ಟು ನಿಲ್ಲಿಸಿರಿ. ಕೊನೆಯ ದಿನಾಂಕ ಅದರಲ್ಲಿಯೇ ಇರುತ್ತದೆ, ಓದಿ ಮುಗಿಸುವ ಮೊದಲೇ ಅದು ಓಡಿ ಹೋಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಸತ್ತ ಕೊಂಡಿಗಳು. ತಾಣವನ್ನು ಹೊಸದಾಗಿ ಮಾಡಿದಾಗಲೆಲ್ಲ ಹಳೆಯ ಪುಟಗಳ ವಿಳಾಸಗಳು ಬದಲಾಗುತ್ತವೆ, ಹಳೆಯ ವಿಳಾಸಕ್ಕೆ ಹೋದವರಿಗೆ ಪುಟ ಇಲ್ಲ ಎಂದು ಹೇಳುವ ‘404’ ಎಂಬ ಅಂಕಿ ಮಾತ್ರ ಸಿಗುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ತಾನಾಗಿಯೇ ಕಳಿಸುವ ಏರ್ಪಾಡು ವೆಬ್‌ನಲ್ಲಿ ಬಹಳ ಹಿಂದಿನಿಂದಲೂ ಇದೆ. ತಂತ್ರಜ್ಞರು ಅದನ್ನು ‘301’ ಎನ್ನುತ್ತಾರೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟು ಬಂದಷ್ಟೇ ಸರಳ ಅದು. ಇದನ್ನು ಮಾಡದೆ ಹೋದದ್ದರ ಪರಿಣಾಮ ಹಳ್ಳಿಗಳಲ್ಲಿ ಏನಾಗಿದೆ ಎಂಬುದನ್ನು ತಾವು ತಿಳಿಯಬೇಕು. ಆದೇಶದ ಕೊಂಡಿ ಇಂದು ಇದ್ದು ನಾಳೆ ಇರುವುದಿಲ್ಲವಾದ್ದರಿಂದ, ಮತ್ತು ಎಷ್ಟೋ ಪುಟಗಳಿಗೆ ಹಂಚಿಕೊಳ್ಳಬಹುದಾದ ಸ್ವಂತ ವಿಳಾಸವೇ ಇಲ್ಲವಾದ್ದರಿಂದ, ಜನ ಆದೇಶದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಫೋಟೊ ಎಲ್ಲಿಂದ ಬಂತು, ಯಾವ ವರ್ಷದ್ದು, ತಿದ್ದಿದ್ದೋ ಅಲ್ಲವೋ ಎಂದು ನೋಡಲು ದಾರಿಯಿಲ್ಲ. ಅವಧಿ ಮುಗಿದ ಯೋಜನೆಯ ಫೋಟೊ ಹಿಡಿದು ಬಂದವರನ್ನೂ ಎಂದೂ ಇಲ್ಲದ ಯೋಜನೆಯ ಫೋಟೊ ಹಿಡಿದು ಬಂದವರನ್ನೂ ನಾನು ಬರಿಗೈಯಲ್ಲಿ ಕಳಿಸಿದ್ದೇನೆ. ಇಲಾಖೆಯ ಸ್ವಂತ ಪುಟದ ಗಟ್ಟಿಯಾದ ವಿಳಾಸ ಒಂದು ಇದ್ದರೆ ಊರಿನ ಗುಂಪಿನಲ್ಲಿ ಅದನ್ನೇ ಹಾಕಬಹುದಾಗಿತ್ತು, ಸುಳ್ಳು ಯಾವುದು ನಿಜ ಯಾವುದು ಎಂದು ಯಾರು ಬೇಕಾದರೂ ಒತ್ತಿ ನೋಡಬಹುದಾಗಿತ್ತು.

ಇದೆಲ್ಲ ನನ್ನ ಹೊಸ ಬೇಡಿಕೆಗಳಲ್ಲ ಎಂಬುದು ತಮಗೆ ಗೊತ್ತಿರಬೇಕು. ಭಾರತ ಸರ್ಕಾರದ ಜಾಲತಾಣಗಳಿಗೆ ಮಾರ್ಗಸೂಚಿ 2009ರಲ್ಲಿಯೇ ಬಂದಿದೆ, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಕೊಂಡಿಯ ಪದಗಳಿಂದಲೇ, ಹೆಚ್ಚೆಂದರೆ ಅದಿರುವ ಸಾಲಿನಿಂದ, ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕು. ಮೆನು ಎಲ್ಲ ಪುಟಗಳಲ್ಲಿ ಒಂದೇ ಕ್ರಮದಲ್ಲಿರಬೇಕು. ಒಂದು ಪುಟವನ್ನು ತಲುಪಲು ಒಂದಕ್ಕಿಂತ ಹೆಚ್ಚು ದಾರಿ ಇರಬೇಕು. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಓಡುವ ಸಾಲನ್ನು ನಿಲ್ಲಿಸಲು ಅವಕಾಶವಿರಬೇಕು ಎಂದು ವೆಬ್‌ನ ಅಂತರರಾಷ್ಟ್ರೀಯ ಮಾನದಂಡ 2008ರಿಂದಲೂ ಹೇಳುತ್ತಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ಕಲಮು ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕು ಎನ್ನುವುದರ ಜೊತೆಗೆ, ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಅತ್ಯಂತ ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿಟ್ಟು ಪ್ರಸಾರ ಮಾಡಬೇಕು ಎಂದೂ ಹೇಳುತ್ತದೆ. ‘ಇತರೆ’ಯ ಒಳಗಿನ ‘ಡೌನ್‌ಲೋಡ್‌ಗಳು’ ಎಂಬುದರ ಮೂರನೆಯ ಪುಟದಲ್ಲಿ ಅಂಕಿಯ ಹೆಸರಿನಲ್ಲಿ ಇಟ್ಟದ್ದನ್ನು ಪ್ರಕಟಿಸಿದ್ದು ಎಂದು ಒಪ್ಪಲು ನಾನು ಸಿದ್ಧನಿಲ್ಲ.

ಆದ್ದರಿಂದ ನನ್ನ ಮೊದಲ ವಿನಂತಿ ಇದು: ಪ್ರತಿ ಇಲಾಖೆಯೂ ತನ್ನ ಕಚೇರಿಗೆ ಜನ ಅತಿ ಹೆಚ್ಚು ಬರುವ ಹತ್ತು ಕೆಲಸಗಳು ಯಾವುವು ಎಂದು ಆವಕ ವಹಿಯನ್ನು ನೋಡಿ ಗುರುತಿಸಲಿ, ಆ ಹತ್ತನ್ನು ಜನರ ಮಾತಿನಲ್ಲಿಯೇ ಮುಖಪುಟದ ಮೆನುವಿನಲ್ಲಿ ಇಡಲಿ. ಸಚಿವರ ಭಾವಚಿತ್ರ, ಸಂಘಟನಾ ರಚನೆ ಇವೆಲ್ಲ ಕೆಳಗೆ ಇರಲಿ, ಬೇಡ ಎನ್ನುವುದಿಲ್ಲ. ಮೆನುವಿನ ಪದಗಳನ್ನು ಅಂತಿಮಗೊಳಿಸುವ ಮೊದಲು ರಾಜ್ಯದ ಪ್ರತಿ ವಿಭಾಗದ ಒಂದೊಂದು ತಾಲ್ಲೂಕಿನ ಜನರಿಗೆ ಕೇಳಿರಿ. ಬೆಂಗಳೂರಿನಲ್ಲಿ ಕೂತು ‘ವಾಟ್ನಿ’ ಎಂಬ ಪದ ಹೊಳೆಯುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದನ್ನು ತೆಗೆದು ‘ವಾರಸಾ ಅರ್ಜಿ ನಮೂನೆ, ಪಿಡಿಎಫ್, ಕನ್ನಡ’ ಎಂಬಂತೆ ಹೆಸರು, ಬಗೆ, ಭಾಷೆ ಮತ್ತು ಜೊತೆಗೆ ಕಡತದ ಗಾತ್ರವನ್ನೂ ಹೇಳುವ ಕೊಂಡಿಗಳನ್ನು ಬರೆಯಿಸಿರಿ, ಡೇಟಾ ಮುಗಿಯುತ್ತಾ ಬಂದವರಿಗೆ ಆ ಗಾತ್ರವೂ ಬೇಕಾದ ಸಂಗತಿ. ಹೊಸ ಆದೇಶಗಳನ್ನು ಸ್ಕ್ಯಾನ್ ಚಿತ್ರವಾಗಿ ಅಲ್ಲದೆ, ಯಂತ್ರ ಓದಬಲ್ಲ ಯೂನಿಕೋಡ್ ಅಕ್ಷರಗಳಲ್ಲಿ ಹಾಕಿಸಿರಿ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ತಾಣವನ್ನು ಬದಲಿಸುವ ಗುತ್ತಿಗೆ ಕೊಡುವಾಗ ಹಳೆಯ ವಿಳಾಸಗಳೆಲ್ಲ ಹೊಸ ಪುಟಕ್ಕೆ ತಲುಪಬೇಕು ಎಂಬುದನ್ನು ಷರತ್ತಾಗಿ ಬರೆದು, ಅದು ಆಗದೆ ಬಿಲ್ಲು ಪಾಸು ಮಾಡಬೇಡಿರಿ.

ತಮ್ಮ ಕಚೇರಿಗಳಲ್ಲಿ ಸಿಬ್ಬಂದಿ ಕಡಿಮೆ ಎಂಬುದನ್ನು ನಾನು ಬಲ್ಲೆ. ಜಾಲತಾಣದ ಕೆಲಸ ಯಾವುದೋ ಗುಮಾಸ್ತರಿಗೆ ಹೆಚ್ಚುವರಿ ಹೊಣೆಯಾಗಿ ಬಂದಿರುತ್ತದೆ, ಮಾಡಿದ ಕಂಪನಿ ಫೋನ್ ಎತ್ತುವುದಿಲ್ಲ. ಆದರೂ ಮೆನುವಿನ ಒಂದು ಪದವನ್ನು ತಿದ್ದಲು ಹೊಸ ಅನುದಾನ ಬೇಕಿಲ್ಲ. ಒಮ್ಮೆ ಒಂದು ಕಚೇರಿಗೆ ನಾನು ಪತ್ರ ಬರೆದಾಗ ಅಲ್ಲಿನ ಕಿರಿಯ ಅಧಿಕಾರಿಯೊಬ್ಬರು ವಾರದೊಳಗೆ ಮೂರು ಕೊಂಡಿಗಳನ್ನು ಸರಿಪಡಿಸಿ, ಸರಿಯಾಯಿತೇ ನೋಡಿರಿ ಎಂದು ತಾವೇ ಫೋನ್ ಮಾಡಿದರು. ಆ ಮೂರು ಪುಟಗಳಿಗಾಗಿ ಅಂದಿನಿಂದ ನನ್ನ ಅಂಗಡಿಗೆ ಯಾರೂ ಬಂದಿಲ್ಲ.

ಕೊನೆಯದಾಗಿ, ತಮ್ಮಲ್ಲಿ ಯಾರಾದರೂ ಒಬ್ಬರು ಒಂದು ಸಂತೆಯ ದಿನ ನನ್ನ ಸೆಂಟರಿಗೆ ಬಂದು ಆ ಬೆಂಚಿನ ಮೇಲೆ ಕೂರಬೇಕೆಂದು ಕೇಳಿಕೊಳ್ಳುತ್ತೇನೆ. ಬಂದವರ ಕೈಗೆ ಅವರದೇ ಮೊಬೈಲ್ ಕೊಟ್ಟು, ತಾವು ಏನೂ ಹೇಳಿಕೊಡದೆ, ಅವರು ತಮ್ಮ ತಾಣದಲ್ಲಿ ಉತಾರ ಹುಡುಕುವುದನ್ನು ಮಾತ್ರ ನೋಡಿರಿ. ಕಳೆದ ಆರು ತಿಂಗಳಲ್ಲಿ ನನಗೆ ಸಿಕ್ಕ ಸತ್ತ ಕೊಂಡಿಗಳನ್ನೂ, ಜನ ಬಳಸುವ ಮಾತು ಒಂದು ಬದಿ ಮತ್ತು ಮೆನುವಿನಲ್ಲಿರುವ ಪದ ಇನ್ನೊಂದು ಬದಿ ಇರುವಂತೆ ಒಂದು ಪಟ್ಟಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಯಾವ ಇಲಾಖೆ ಕೇಳಿದರೂ ಅದರ ಪ್ರತಿಯನ್ನು ಕಳಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ಸೆಂಟರ್ ನಡೆಸುವ ಒಬ್ಬ ನಾಗರಿಕ,
ಇಂಡಿ, ವಿಜಯಪುರ ಜಿಲ್ಲೆ